ಒಂದು ಪದಕ್ಕಾಗಿ ನಡೆದ ಮಾತುಕತೆ



ಚುನಾವಣೆ ಹತ್ತಿರವಾದಾಗ ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದ್ದೀರಾ? ಒಳಗೆ ಒಂದೇ ಸಾಲಿನಲ್ಲಿ ಮೊಣಕಾಲೂರಿದ್ದವರು, ಪರಸ್ಪರ ಕೈಮುಗಿದು ಶಾಂತಿಯನ್ನು ಹಾರೈಸಿದವರು, ಹೊರಗೆ ಬಂದೊಡನೆ ಎರಡು ಗುಂಪುಗಳಾಗಿ ನಿಲ್ಲುತ್ತಾರೆ. ಒಂದು ಗುಂಪಿನ ಮಾತು ಇನ್ನೊಂದರ ಕಿವಿಗೆ ಬಿದ್ದರೆ ಮುಖಗಳು ಬಿಗಿಯುತ್ತವೆ. ಮನೆಯೊಳಗಿನ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಮೊಬೈಲಿನ ಕುಟುಂಬ ಗುಂಪಿನಲ್ಲಿ ಯಾರೋ ಕಳುಹಿಸಿದ ನಾಲ್ಕು ಸಾಲುಗಳಿಂದಾಗಿ ಅಣ್ಣತಮ್ಮಂದಿರ ನಡುವೆ ಕ್ರಿಸ್ಮಸ್ ತಿಂಡಿಯ ತಟ್ಟೆಯ ವಿನಿಮಯವೂ ನಿಂತುಹೋದ ಮನೆಗಳನ್ನು ನಾನು ಬಲ್ಲೆ. ತಾವೂ ಬಲ್ಲಿರಿ.

ಇಂತಹ ಸಮಯದಲ್ಲಿ ನಾವು ಸಾಮಾನ್ಯವಾಗಿ ಒಂದು ಮಾತನ್ನು ಹೇಳಿ ಸಮಾಧಾನಪಟ್ಟುಕೊಳ್ಳುತ್ತೇವೆ: "ರಾಜಕೀಯವನ್ನು ಮಾತನಾಡದಿರುವುದೇ ಲೇಸು." ಈ ಸಲಹೆಯ ಬಗ್ಗೆ ನನಗೆ ಅಷ್ಟೊಂದು ನಂಬಿಕೆಯಿಲ್ಲ. ಮಾತನಾಡದೆ ಉಳಿದ ವಿಷಯ ಒಳಗೊಳಗೇ ಹುಳಿಯುತ್ತದೆ. ನಮ್ಮ ದೇಶದ ಇತಿಹಾಸದಲ್ಲಿ, ಅದೂ ಅತ್ಯಂತ ಕಷ್ಟದ ದಿನಗಳಲ್ಲಿ, ಕ್ರೈಸ್ತರಾದ ನಮಗೆ ಜೀವಾಳವಾದ ಒಂದು ಪ್ರಶ್ನೆಯನ್ನು ಮುಚ್ಚಿಡದೆ, ಮುಖಾಮುಖಿಯಾಗಿ ಕುಳಿತು ಮಾತನಾಡಿದ ಸಂದರ್ಭವೊಂದಿದೆ. ಅದನ್ನು ತಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಭಾರತದ ಸಂವಿಧಾನ ರಚನಾ ಸಭೆ ಮೊದಲು ಸೇರಿದ್ದು 1946ರ ಡಿಸೆಂಬರ್ 9ರಂದು. ದೇಶ ಇನ್ನೂ ಸ್ವತಂತ್ರವಾಗಿರಲಿಲ್ಲ. ಮುಸ್ಲಿಂ ಲೀಗಿನ ಸದಸ್ಯರು ಸಭೆಯನ್ನು ಬಹಿಷ್ಕರಿಸಿದ್ದರು. ಮುಂದಿನ ತಿಂಗಳುಗಳಲ್ಲಿ ಪಂಜಾಬಿನಲ್ಲಿ ರಕ್ತ ಹರಿಯಿತು. ಧರ್ಮದ ಹೆಸರು ಕೇಳಿದರೆ ಜನ ಬೆಚ್ಚುತ್ತಿದ್ದ ಕಾಲವದು. ಅಂತಹ ಸಮಯದಲ್ಲಿ ಮೂಲಭೂತ ಹಕ್ಕುಗಳನ್ನೂ ಅಲ್ಪಸಂಖ್ಯಾತರ ರಕ್ಷಣೆಯನ್ನೂ ಕುರಿತು ಯೋಚಿಸಲು ಸರ್ದಾರ್ ವಲ್ಲಭಭಾಯಿ ಪಟೇಲರ ಅಧ್ಯಕ್ಷತೆಯಲ್ಲಿ ಒಂದು ಸಲಹಾ ಸಮಿತಿ ರಚನೆಯಾಯಿತು. ಅದರ ಅಡಿಯಲ್ಲಿದ್ದ ಅಲ್ಪಸಂಖ್ಯಾತರ ಉಪಸಮಿತಿಯ ಅಧ್ಯಕ್ಷರಾದವರು ಡಾ. ಹರೇಂದ್ರ ಕುಮಾರ್ ಮುಖರ್ಜಿ. ಇವರು ಬಂಗಾಳದ ಕ್ರೈಸ್ತರು, ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ಈ ಹೆಸರನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಇವರು ಮತ್ತೆ ಕಾಣಿಸಿಕೊಳ್ಳುತ್ತಾರೆ.

ಧರ್ಮ ಸ್ವಾತಂತ್ರ್ಯದ ಹಕ್ಕಿನ ಮೊದಲ ಕರಡುಗಳಲ್ಲಿ ಧರ್ಮವನ್ನು ಅವಲಂಬಿಸುವ ಮತ್ತು ಆಚರಿಸುವ ಸ್ವಾತಂತ್ರ್ಯದ ಮಾತಿತ್ತು. 1947ರ ಏಪ್ರಿಲಿನಲ್ಲಿ ಅಲ್ಪಸಂಖ್ಯಾತರ ಉಪಸಮಿತಿಯಲ್ಲಿ ಮದ್ರಾಸಿನ ಕಥೋಲಿಕ ವಿದ್ವಾಂಸರಾದ ಎಂ. ರತ್ನಸ್ವಾಮಿಯವರು ಒಂದು ಅಂಶವನ್ನು ಎತ್ತಿದರು. ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳಿಗೆ ತಮ್ಮ ನಂಬಿಕೆಯನ್ನು ಇತರರಿಗೆ ಸಾರುವುದು ಐಚ್ಛಿಕವಾದ ಹೆಚ್ಚುವರಿ ಕೆಲಸವಲ್ಲ, ಆ ಧರ್ಮಗಳ ಸ್ವರೂಪದಲ್ಲಿಯೇ ಸೇರಿದ ಸಂಗತಿ. ಆದ್ದರಿಂದ "ಪ್ರಚಾರ ಮಾಡುವ" ಸ್ವಾತಂತ್ರ್ಯವನ್ನೂ ಸ್ಪಷ್ಟವಾಗಿ ಹೇಳಬೇಕು ಎಂಬುದು ಅವರ ವಾದ. ಆ ಪದ ಸೇರಿತು.

ಈ ಕಥೆಯಲ್ಲಿ ಕ್ರೈಸ್ತರೆಲ್ಲರೂ ಒಂದು ಕಡೆ, ಹಿಂದೂಗಳೆಲ್ಲರೂ ಇನ್ನೊಂದು ಕಡೆ ಎಂದು ತಾವು ಭಾವಿಸುವುದಾದರೆ ಅದು ತಪ್ಪಾಗುತ್ತದೆ. ಕ್ರೈಸ್ತ ಮನೆತನದಲ್ಲಿ ಹುಟ್ಟಿದ ರಾಜಕುಮಾರಿ ಅಮೃತ್ ಕೌರ್ ಅವರೇ ಧರ್ಮವನ್ನು "ಆಚರಿಸುವ" ಸ್ವಾತಂತ್ರ್ಯದ ಬಗ್ಗೆ ಗಟ್ಟಿಯಾದ ಆಕ್ಷೇಪವೆತ್ತಿದರು. ದೇವದಾಸಿ ಪದ್ಧತಿ, ಪರ್ದಾ ಮುಂತಾದವುಗಳನ್ನು ಧಾರ್ಮಿಕ ಆಚರಣೆಯೆಂದು ಸಮರ್ಥಿಸಿಕೊಂಡು ಯಾರಾದರೂ ಸಮಾಜ ಸುಧಾರಣೆಯ ಕಾನೂನುಗಳನ್ನೇ ತಡೆಯಬಹುದಲ್ಲವೇ ಎಂಬುದು ಅವರ ಆತಂಕ. ಸಮಾಜ ಸುಧಾರಣೆಗಾಗಿ ಕಾನೂನು ಮಾಡುವ ಅಧಿಕಾರ ಸರ್ಕಾರಕ್ಕೆ ಇರುತ್ತದೆ ಎಂಬ ಮಾತು ಇಂದು ಸಂವಿಧಾನದಲ್ಲಿ ಇದ್ದರೆ ಅದಕ್ಕೆ ಇಂತಹ ಆಕ್ಷೇಪಗಳೂ ಕಾರಣ.

1947ರ ಮೇ 1ರಂದು ವಿಷಯ ಸಭೆಯ ಮುಂದೆ ಬಂತು. ಬಲಾತ್ಕಾರ ಅಥವಾ ಅನುಚಿತ ಪ್ರಭಾವದಿಂದ ನಡೆದ ಮತಾಂತರಕ್ಕೆ ಕಾನೂನಿನ ಮಾನ್ಯತೆ ಇರದು ಎಂಬ ಖಂಡವೊಂದಿತ್ತು. ಗುಜರಾತಿನ ಪ್ರಸಿದ್ಧ ಸಾಹಿತಿಯೂ ನ್ಯಾಯವಾದಿಯೂ ಆದ ಕೆ.ಎಂ. ಮುನ್ಷಿಯವರು ಅದನ್ನು ಇನ್ನಷ್ಟು ಬಿಗಿಗೊಳಿಸುವ ತಿದ್ದುಪಡಿಯನ್ನು ತಂದರು. ಹದಿನೆಂಟು ವರ್ಷ ತುಂಬದವರ ಮತಾಂತರಕ್ಕೂ ಮಾನ್ಯತೆ ಇರಬಾರದು ಎಂಬುದು ಅವರ ಅಪೇಕ್ಷೆ. ಕ್ರೈಸ್ತ ಸದಸ್ಯರಿಗೆ ಇದು ನೋವು ತಂದಿತು. ತಂದೆತಾಯಿಯರು ಕ್ರೈಸ್ತರಾದರೆ ಅವರ ಕೈಗೂಸು ಯಾವ ಧರ್ಮಕ್ಕೆ ಸೇರಿದ್ದು? ಹದಿನೆಂಟು ತುಂಬುವವರೆಗೆ ಒಂದೇ ಸೂರಿನಡಿ ತಂದೆಗೊಂದು ಧರ್ಮ, ಮಗುವಿಗೊಂದು ಧರ್ಮವೇ?

ಆಗ ಆಂಗ್ಲೋ-ಇಂಡಿಯನ್ ಸಮುದಾಯದ ನಾಯಕ ಫ್ರಾಂಕ್ ಆಂತೊನಿಯವರು ಮಾತನಾಡಿದ ರೀತಿಯನ್ನು ಗಮನಿಸಬೇಕು. ಮತಾಂತರದ ವಿಷಯದಲ್ಲಿ ಬಹುಸಂಖ್ಯಾತರ ಭಾವನೆ ಎಷ್ಟು ಆಳವಾದದ್ದೆಂಬುದನ್ನು ತಾವು ಅರಿತಿರುವುದಾಗಿ ಹೇಳಿ, ಅಷ್ಟಿದ್ದೂ ಅವರು ಪ್ರಚಾರದ ಹಕ್ಕಿಗೆ ಒಪ್ಪಿದ್ದಕ್ಕೆ ಕೃತಜ್ಞತೆಯನ್ನು ಸಲ್ಲಿಸಿ, ಆ ನಂತರವೇ ಅವರು ತಮ್ಮ ಆಕ್ಷೇಪವನ್ನು ಮಂಡಿಸಿದರು. ಕುಟುಂಬವನ್ನು ಒಡೆಯುವ ಕಾನೂನು ಬೇಡ ಎಂಬುದು ಅವರ ಬೇಡಿಕೆ. ಡಾ. ಅಂಬೇಡ್ಕರರೂ ಮಕ್ಕಳ ವಿಷಯದಲ್ಲಿ ಇಂತಹ ನಿಯಮ ಎಬ್ಬಿಸುವ ತೊಡಕುಗಳನ್ನು ಬಿಡಿಸಿ ತೋರಿಸಿದರು. ಇನ್ನೊಂದು ಕಡೆ ಪುರುಷೋತ್ತಮದಾಸ್ ಟಂಡನ್ ಅವರು ಮುಚ್ಚುಮರೆಯಿಲ್ಲದೆ ತಮ್ಮ ಮನಸ್ಸನ್ನು ಬಿಚ್ಚಿಟ್ಟರು. ಇತರರನ್ನು ತಮ್ಮ ಧರ್ಮಕ್ಕೆ ಸೆಳೆಯುವ ಕಲ್ಪನೆಯೇ ಕಾಂಗ್ರೆಸ್ಸಿಗರಲ್ಲಿ ಬಹುಪಾಲು ಜನರಿಗೆ ಹಿಡಿಸದು; ಆದರೂ ಕ್ರೈಸ್ತ ಮಿತ್ರರ ಕೋರಿಕೆಯನ್ನು ಮನ್ನಿಸಿ ಆ ಪದವನ್ನು ಇರಿಸಲು ಒಪ್ಪಿದ್ದೇವೆ ಎಂಬುದು ಅವರ ಮಾತಿನ ಸಾರ. ಈ ಮಾತು ಕೇಳಲು ಇಂಪಾಗಿರಲಿಲ್ಲ. ಆದರೆ ಮನಸ್ಸಿನಲ್ಲೊಂದು, ಬಾಯಲ್ಲೊಂದು ಇಟ್ಟುಕೊಳ್ಳದ ಆ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ.

ಮತ ಹಾಕಿ ಅಂದೇ ತೀರ್ಮಾನಿಸಬಹುದಿತ್ತು. ಸಭೆಯಲ್ಲಿ ಬಹುಮತ ಯಾರ ಕಡೆಗಿತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. ಸರ್ದಾರ್ ಪಟೇಲರು ಹಾಗೆ ಮಾಡಲಿಲ್ಲ. ಭಾವನೆಗಳು ಕೆರಳಿರುವ ವಿಷಯವಾದ್ದರಿಂದ ಇದನ್ನು ಸಲಹಾ ಸಮಿತಿಗೇ ಮರಳಿಸೋಣ ಎಂದರು. ಸಮಿತಿ ಮತ್ತೆ ಕುಳಿತಿತು. ಆ ವರ್ಷದ ಆಗಸ್ಟಿನಲ್ಲಿ ಅದು ನೀಡಿದ ಉತ್ತರ ಬಹು ಚಿಕ್ಕದು: ಬಲಾತ್ಕಾರದ ಮತಾಂತರ ಸಲ್ಲದೆಂಬುದು ಯಾರೂ ಅಲ್ಲಗಳೆಯದ ಮಾತು, ಅದನ್ನು ಸಂವಿಧಾನದಲ್ಲಿ ಬರೆಯುವ ಅಗತ್ಯವಿಲ್ಲ, ಖಂಡವನ್ನೇ ಕೈಬಿಡೋಣ. ನಾಲ್ಕು ತಿಂಗಳ ಕಾಲಾವಕಾಶದಲ್ಲಿ ಬಿಸಿ ಆರಿತ್ತು.

ಇನ್ನು ಈ ಇತಿಹಾಸದ ಮುಖ್ಯ ದೃಶ್ಯಕ್ಕೆ ಬರೋಣ. ಅದು 1948ರ ಡಿಸೆಂಬರ್ 6, ಸೋಮವಾರ. ದೇಶ ಇಬ್ಭಾಗವಾಗಿತ್ತು. ಮಹಾತ್ಮರು ಗುಂಡಿಗೆ ಬಲಿಯಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ದೆಹಲಿಯ ಸಭಾಂಗಣದಲ್ಲಿ ಕರಡು ಸಂವಿಧಾನದ 19ನೆಯ ವಿಧಿ, ಎಂದರೆ ಇಂದಿನ 25ನೆಯ ವಿಧಿ ಚರ್ಚೆಗೆ ಬಂದಿತ್ತು. ಸಭೆಯ ಅಧ್ಯಕ್ಷರಾದ ಬಾಬು ರಾಜೇಂದ್ರ ಪ್ರಸಾದರ ಗೈರುಹಾಜರಿಯಲ್ಲಿ ಪೀಠದಲ್ಲಿ ಕುಳಿತಿದ್ದವರು ಉಪಾಧ್ಯಕ್ಷರು. ಅವರೇ ಡಾ. ಮುಖರ್ಜಿ. ಕ್ರೈಸ್ತರಿಗೆ ತಮ್ಮ ಧರ್ಮವನ್ನು ಸಾರುವ ಹಕ್ಕು ಇರಬೇಕೇ ಬೇಡವೇ ಎಂದು ದೇಶ ವಾದಿಸುತ್ತಿದ್ದಾಗ, ಯಾರು ಮಾತನಾಡಬೇಕೆಂದು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುವ ಹೊಣೆ ಒಬ್ಬ ಕ್ರೈಸ್ತರ ಮೇಲಿತ್ತು.

ಒರಿಸ್ಸಾದ ಲೋಕನಾಥ ಮಿಶ್ರರು ಎದ್ದು ನಿಂತರು. ಅವರ ಮಾತು ಬಿರುಸಾಗಿತ್ತು. ಈ ವಿಧಿ ಹಿಂದೂಗಳನ್ನು ದಾಸ್ಯಕ್ಕೆ ನೂಕುವ ಸನ್ನದು, ಇಡೀ ಕರಡಿನಲ್ಲಿ ಇದಕ್ಕಿಂತ ಕರಾಳವಾದ ಭಾಗ ಮತ್ತೊಂದಿಲ್ಲ ಎಂಬ ಮಟ್ಟಕ್ಕೆ ಅವರು ಹೋದರು. ಧರ್ಮದ ಪ್ರಚಾರವೇ ದೇಶವನ್ನು ಒಡೆಯಿತೆಂಬ ದುಃಖ ಅವರದು. ಪ್ರಚಾರ ಮಾಡುವವರು ಮಾಡಲಿ, ಆದರೆ ಅದನ್ನು ಮೂಲಭೂತ ಹಕ್ಕೆಂದು ಸಂವಿಧಾನದಲ್ಲಿ ಬರೆದು ಪ್ರೋತ್ಸಾಹಿಸಬೇಡಿ ಎಂದು ಅವರು ಬೇಡಿಕೊಂಡರು. ಈ ಮಾತುಗಳನ್ನು ಇಂದು ಓದುವಾಗ ನಮಗೆ ಸಿಟ್ಟು ಬರುವುದು ಸಹಜ. ಆದರೆ ದೇಶವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದಾಗ ಒಬ್ಬ ಮನುಷ್ಯ ಆಡಿದ ಮಾತುಗಳಿವು ಎಂಬುದನ್ನೂ ನಾವು ಮರೆಯಬಾರದು. ಮಾತನಾಡಿದವರ ಭಯ ಯಾವುದು ಎಂದು ಕೇಳಿಕೊಳ್ಳದೆ ಅವರ ಮಾತಿಗೆ ಉತ್ತರ ಕೊಡಲು ಹೊರಟರೆ ಆ ಉತ್ತರ ಅವರನ್ನು ಮುಟ್ಟುವುದೇ ಇಲ್ಲ.

ಉತ್ತರ ಬಂದದ್ದು ಎಲ್ಲಿಂದ? ಅಂದು ಆ ಪದದ ಪರವಾಗಿ ಎದ್ದು ನಿಂತವರಲ್ಲಿ ಎದ್ದು ಕಾಣುವವರು ಹಿಂದೂ ಸದಸ್ಯರು. ಬಂಗಾಳದ ಪಂಡಿತ ಲಕ್ಷ್ಮೀಕಾಂತ ಮೈತ್ರರು, ಕ್ರೈಸ್ತರು ಈ ದೇಶದ ಅತ್ಯಂತ ನಿರುಪದ್ರವಿ ಸಮುದಾಯವೆಂದು ತಾವು ಕಂಡುದನ್ನು ಹೇಳಿ, ವಿದ್ಯೆ ಮತ್ತು ವೈದ್ಯಕೀಯ ಸೇವೆಯಲ್ಲಿ ಅವರ ದುಡಿಮೆಯನ್ನು ಸ್ಮರಿಸಿದರು. ಮದ್ರಾಸಿನ ಕೃಷ್ಣಸ್ವಾಮಿ ಭಾರತಿಯವರು, ಈ ಹಕ್ಕು ಒಂದು ಸಮುದಾಯಕ್ಕೆ ಮಾತ್ರ ಕೊಡುತ್ತಿರುವ ಕೊಡುಗೆಯಲ್ಲ, ಎಲ್ಲರಿಗೂ ಸೇರಿದ್ದು ಎಂದು ನೆನಪಿಸಿದರು. ಕೆ. ಸಂತಾನಂ ಅವರು, ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯ ಇವುಗಳ ಮಿತಿ ಈ ಹಕ್ಕಿಗೆ ಇದ್ದೇ ಇದೆಯಲ್ಲ ಎಂದು ಕಾನೂನಿನ ದೃಷ್ಟಿಯಿಂದ ವಿವರಿಸಿದರು.

ಟಿ.ಟಿ. ಕೃಷ್ಣಮಾಚಾರಿಯವರ ಮಾತು ಬೇರೆಯೇ ಬಗೆಯದು. ತಾವು ಹದಿನಾಲ್ಕು ವರ್ಷ ಕ್ರೈಸ್ತ ಸಂಸ್ಥೆಗಳಲ್ಲಿ ಓದಿದವರು, ತಮ್ಮನ್ನು ಮತಾಂತರಿಸುವ ಪ್ರಯತ್ನವನ್ನು ಅಲ್ಲಿ ಯಾರೂ ಮಾಡಲಿಲ್ಲ ಎಂದರು. ಅಷ್ಟಕ್ಕೇ ನಿಲ್ಲಲಿಲ್ಲ. ಅಸ್ಪೃಶ್ಯನೆನಿಸಿಕೊಂಡವನು ಕ್ರೈಸ್ತನಾದೊಡನೆ ಸಮಾನನೆಂಬ ಮನ್ನಣೆ ಪಡೆಯುತ್ತಾನೆ. ಅದಕ್ಕಾಗಿ ಆತ ಹೋಗುತ್ತಾನೆ. ಆ ಸಮಾನತೆಯನ್ನು ನಾವೇ ಕೊಟ್ಟರೆ ಆತ ಹೋಗುವ ಅಗತ್ಯವೇ ಇರುವುದಿಲ್ಲ ಎಂದು ತಮ್ಮವರ ಕಡೆಗೇ ಬೆರಳು ತೋರಿದರು. ಈ ಮಾತಿನಲ್ಲಿ ನಮಗೂ ಒಂದು ಚುಚ್ಚು ಇದೆ. ಕ್ರೈಸ್ತನಾದೊಡನೆ ಜಾತಿ ಅಳಿಯುತ್ತದೆಂಬ ಅವರ ನಂಬಿಕೆಗೆ ನಮ್ಮ ಧರ್ಮಕೇಂದ್ರಗಳು ಎಷ್ಟರಮಟ್ಟಿಗೆ ಯೋಗ್ಯವಾಗಿದ್ದವು ಎಂಬುದನ್ನು ನಾವೇ ಬಲ್ಲೆವು.

ಕೊನೆಗೆ ಎದ್ದವರು ಕೆ.ಎಂ. ಮುನ್ಷಿ. ಹೌದು, ಹತ್ತೊಂಬತ್ತು ತಿಂಗಳ ಹಿಂದೆ ಬಿಗಿಯಾದ ತಿದ್ದುಪಡಿಯನ್ನು ತಂದಿದ್ದ ಅದೇ ಮುನ್ಷಿಯವರು. ಅವರ ಅಭಿಪ್ರಾಯ ಬದಲಾಗಿತ್ತೆಂದು ನಾನು ಹೇಳಲಾರೆ. ಆದರೆ ಅವರು ಹೇಳಿದ್ದು ಇಷ್ಟು: ಆ ಪದ ಇಲ್ಲದಿದ್ದರೂ ವಾಕ್ ಸ್ವಾತಂತ್ರ್ಯದ ಅಡಿಯಲ್ಲಿ ಯಾವ ಸಮುದಾಯವಾದರೂ ತನ್ನ ನಂಬಿಕೆಯನ್ನು ಇತರರಿಗೆ ಮನಗಾಣಿಸಬಹುದು. ಭಾರತೀಯ ಕ್ರೈಸ್ತರು ಈ ಪದಕ್ಕೆ ಒತ್ತು ಕೊಡುವುದು ಜನರನ್ನು ಆಕ್ರಮಣಕಾರಿಯಾಗಿ ಮತಾಂತರಿಸುವ ಬಯಕೆಯಿಂದಲ್ಲ; ಅದು ಅವರ ಧರ್ಮದ ಮೂಲತತ್ತ್ವವಾದ್ದರಿಂದ. ಅಲ್ಪಸಂಖ್ಯಾತರೊಡನೆ ಕುಳಿತು ಮಾಡಿಕೊಂಡ ರಾಜಿಯ ಫಲ ಈ ಪದ. ಅದನ್ನು ಕದಲಿಸುವುದು ಬೇಡ. ತಮ್ಮ ಎದುರುಪಕ್ಷದವರ ನಂಬಿಕೆಯನ್ನು ಆ ಪಕ್ಷದವರೇ "ಹೌದು, ನಾವು ಹೇಳುತ್ತಿರುವುದು ಇದನ್ನೇ" ಎಂದು ತಲೆದೂಗುವಂತೆ ಅವರು ವಿವರಿಸಿದರು. ನಮ್ಮ ಮನೆಯ ಜಗಳಗಳಲ್ಲಿ ನಾವು ಒಮ್ಮೆಯಾದರೂ ಇದನ್ನು ಮಾಡಿದ್ದೇವೆಯೇ ಎಂದು ನಾನು ಯೋಚಿಸುತ್ತೇನೆ. ಅಣ್ಣನ ಪಕ್ಷದ ವಾದವನ್ನು ಅಣ್ಣನೇ ಒಪ್ಪುವಂತೆ ತಮ್ಮನು ಹೇಳಿಕೊಡುವುದು!

ಡಾ. ಮುಖರ್ಜಿಯವರು ವಿಧಿಯನ್ನು ಮತಕ್ಕೆ ಹಾಕಿದರು. "ಪ್ರಚಾರ" ಎಂಬ ಪದ ಉಳಿಯಿತು.

ಇಲ್ಲಿ ಒಂದು ವಿಚಾರ. ಆ ಸಭೆಯ ಸದಸ್ಯರೆಲ್ಲ ನಮಗಿಂತ ಸೌಮ್ಯ ಸ್ವಭಾವದವರಾಗಿದ್ದರೆಂದು ಭಾವಿಸಬೇಕಾಗಿಲ್ಲ. ಅವರನ್ನು ಕಾಪಾಡಿದ್ದು ಬಹುಮಟ್ಟಿಗೆ ಸಭೆಯ ಕ್ರಮ. ತಿದ್ದುಪಡಿಯನ್ನು ಮೊದಲೇ ಲಿಖಿತವಾಗಿ ಕೊಡಬೇಕು. ಅಚ್ಚಾಗಿ ಎಲ್ಲರ ಕೈಗೂ ಬರುತ್ತದೆ. ಮಾತನ್ನು ಎದುರಾಳಿಯ ಕಡೆಗೆ ತಿರುಗಿ ಆಡದೆ ಪೀಠವನ್ನು ಉದ್ದೇಶಿಸಿ ಆಡಬೇಕು. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು. ಕರಡಿಗೆ ಬಂದ ತಿದ್ದುಪಡಿಗಳು 7,635. ಅವುಗಳಲ್ಲಿ ಸಭೆಯಲ್ಲಿ ಮಂಡನೆಯಾದವು 2,473. ಅವುಗಳನ್ನು ಒಂದೊಂದಾಗಿ ಕೇಳಿಸಿಕೊಳ್ಳುವ ತಾಳ್ಮೆ ಹುಟ್ಟುಗುಣವಲ್ಲ, ರೂಢಿಸಿಕೊಂಡದ್ದು. ನಮ್ಮ ಧರ್ಮಕೇಂದ್ರಗಳ ಪಾಲನಾ ಸಮಿತಿಗಳಲ್ಲಿ ಎಲ್ಲರೂ ಒಮ್ಮೆಗೇ ಕೂಗುವುದನ್ನು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಕ್ರೈಸ್ತರ ಕಡೆಯಿಂದಲೂ ಒಂದು ಹೆಜ್ಜೆ ಇಡಬೇಕಾದ ಸಮಯ ಬಂತು. 1935ರ ಕಾಯಿದೆಯಂತೆ ಭಾರತೀಯ ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರಗಳಿದ್ದವು. 1947ರಲ್ಲಿ ಅವುಗಳ ಬದಲು, ಎಲ್ಲರೂ ಸೇರಿ ಮತ ಹಾಕುವ ಕ್ಷೇತ್ರಗಳಲ್ಲಿ ಮೀಸಲು ಸ್ಥಾನಗಳನ್ನು ಕೊಡುವುದೆಂದು ತೀರ್ಮಾನವಾಯಿತು. ಪ್ರಾಂತ್ಯಗಳ ಶಾಸನಸಭೆಗಳ ಮಟ್ಟಿಗೆ ಕ್ರೈಸ್ತರಿಗೆ ಈ ಸೌಲಭ್ಯ ಮದ್ರಾಸು ಮತ್ತು ಮುಂಬಯಿಗಳಲ್ಲಿ. ಆಗ ಮಂಗಳೂರು ಮದ್ರಾಸು ಪ್ರಾಂತ್ಯದಲ್ಲಿಯೂ ಧಾರವಾಡ, ಬೆಳಗಾವಿ, ಕಾರವಾರಗಳು ಮುಂಬಯಿಯಲ್ಲಿಯೂ ಇದ್ದವು. ಎಂದರೆ ನಮ್ಮಲ್ಲಿ ಅನೇಕರ ಅಜ್ಜ ಅಜ್ಜಿಯರಿಗೆ ಸಂಬಂಧಪಟ್ಟ ಸಂಗತಿ ಇದು. 1949ರ ಮೇ 11ರಂದು ಸಲಹಾ ಸಮಿತಿಯಲ್ಲಿ ಈ ಮೀಸಲಾತಿಯನ್ನು ಕೈಬಿಡುವ ನಿರ್ಣಯವನ್ನು ಮಂಡಿಸಿದವರು ಮತ್ತಾರೂ ಅಲ್ಲ, ಡಾ. ಮುಖರ್ಜಿಯವರೇ. ಕ್ರೈಸ್ತರನ್ನು ಈ ಕಡೆಗೆ ಒಲಿಸಿದವರಲ್ಲಿ ಪ್ರಮುಖರು ಮಂಗಳೂರಿನಲ್ಲಿ 1897ರಲ್ಲಿ ಹುಟ್ಟಿದ ಯೇಸುಸಭೆಯ ಗುರು, ಆಗ ಮದ್ರಾಸಿನ ಲೊಯೋಲಾ ಕಾಲೇಜಿನ ಪ್ರಾಂಶುಪಾಲರಾಗಿದ್ದ ವಂದನೀಯ ಜೆರೋಮ್ ಡಿಸೋಜರು. ನಮ್ಮ ಹಕ್ಕಿನ ರಕ್ಷಣೆ ನಾಲ್ಕು ಕುರ್ಚಿಗಳಲ್ಲಿಲ್ಲ, ನೆರೆಯವರ ವಿಶ್ವಾಸದಲ್ಲಿದೆ ಎಂಬ ನಿಲುವು ಅವರದು.

ಎಲ್ಲರೂ ಇದನ್ನು ಒಪ್ಪಲಿಲ್ಲ. ಮದ್ರಾಸಿನ ಮುಹಮ್ಮದ್ ಇಸ್ಮಾಯಿಲ್ ಸಾಹೇಬರು ಪ್ರತ್ಯೇಕ ಮತಕ್ಷೇತ್ರಗಳೇ ಬೇಕೆಂದು ಮೇ ತಿಂಗಳ ಕೊನೆಯಲ್ಲಿ ಸಭೆಯಲ್ಲಿ ವಾದಿಸಿದರು. ಪಟೇಲರಿಂದ ಖಾರವಾದ ಉತ್ತರವನ್ನೂ ಪಡೆದರು. ಬೇಗಂ ಐಜಾಜ್ ರಸೂಲರು ಮೀಸಲಾತಿ ಅಲ್ಪಸಂಖ್ಯಾತರಿಗೇ ಹಾನಿಕರವೆಂದು ವಾದಿಸಿದರು. ನಮ್ಮವರ ನಿರ್ಧಾರ ಸರಿಯಾಗಿತ್ತೇ? ಸರಿಯಾಗಿತ್ತೆಂದೇ ನನ್ನ ಅನಿಸಿಕೆ. ಆದರೆ ಒಂದು ಕೊರತೆಯನ್ನು ಹೇಳದೆ ಮುಂದೆ ಹೋಗಲಾರೆ. ಮರುವರ್ಷ, 1950ರ ಆಗಸ್ಟಿನಲ್ಲಿ ಹೊರಟ ರಾಷ್ಟ್ರಪತಿಗಳ ಆದೇಶದಲ್ಲಿ ಪರಿಶಿಷ್ಟ ಜಾತಿಯ ಸ್ಥಾನಮಾನದಿಂದ ದಲಿತ ಕ್ರೈಸ್ತರು ಹೊರಗುಳಿದರು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಬಾಗಿಲು ತೆರೆಯಿತು. ದಲಿತ ಕ್ರೈಸ್ತರ ಮೊರೆ ನ್ಯಾಯಾಲಯದ ಮುಂದೆ ವರ್ಷಗಟ್ಟಲೆ ಉಳಿಯಿತು. ವಿದ್ಯಾವಂತರು ಸೌಜನ್ಯದಿಂದ ಮಾತನಾಡಿ ಒಪ್ಪಂದಕ್ಕೆ ಬರುವಾಗ, ಆ ಕೋಣೆಯಲ್ಲಿ ಇಲ್ಲದವರು ಯಾರು ಎಂದು ಕೇಳಿಕೊಳ್ಳುವುದೂ ಗೌರವದ ಮಾತುಕತೆಗೆ ಸೇರಿದ್ದು.

ಮಂಗಳೂರಿನಲ್ಲಿ ಹುಟ್ಟಿದ ಇನ್ನೊಬ್ಬರೂ ಆ ಸಭೆಯಲ್ಲಿದ್ದರು: ಹರಿ ವಿಷ್ಣು ಕಾಮತರು. 1948ರ ಡಿಸೆಂಬರಿನ ಆ ಚರ್ಚೆಯಲ್ಲಿ, ಸರ್ಕಾರ ಯಾವುದೇ ಒಂದು ಧರ್ಮವನ್ನು ಪೋಷಿಸಬಾರದು ಎಂಬ ತಿದ್ದುಪಡಿಯನ್ನು ತಂದವರು ಇವರು. ಇದೇ ಕಾಮತರು 1949ರ ಅಕ್ಟೋಬರ್ 17ರಂದು ಸಂವಿಧಾನದ ಪ್ರಸ್ತಾವನೆ ದೇವರ ಹೆಸರಿನಿಂದ ಆರಂಭವಾಗಬೇಕೆಂದು ಹಟ ಹಿಡಿದರು! ಮನುಷ್ಯರನ್ನು ಒಂದು ಮಾತಿನ ಮೇಲೆ ಒಂದು ಗುಂಪಿಗೆ ಸೇರಿಸಿಬಿಡುವುದು ಎಷ್ಟು ಅಪಾಯಕರವೆಂಬುದಕ್ಕೆ ಇವರೇ ಸಾಕ್ಷಿ. ದೇವರನ್ನು ಮತಕ್ಕೆ ಹಾಕುವ ಮುಜುಗರಕ್ಕೆ ನಮ್ಮನ್ನು ಗುರಿಮಾಡಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿಯವರು ಕೇಳಿಕೊಂಡರು. ಕಾಮತರು ಬಿಡಲಿಲ್ಲ. ಪರವಾಗಿ 41, ವಿರುದ್ಧವಾಗಿ 68. ವಿರುದ್ಧ ಮತ ಹಾಕಿದವರೆಲ್ಲ ನಾಸ್ತಿಕರೇನೂ ಆಗಿರಲಿಲ್ಲ. ನಂಬದವನ ಮನಸ್ಸಾಕ್ಷಿಯನ್ನು ಬಲವಂತಪಡಿಸಬಾರದೆಂಬ ವಿಚಾರವೂ ಅಲ್ಲಿ ಕೇಳಿಬಂದಿತ್ತು.

ನವೆಂಬರ್ 25ರಂದು ಡಾ. ಅಂಬೇಡ್ಕರರು ಸಭೆಯಲ್ಲಿ ತಮ್ಮ ಸಮಾರೋಪದ ಭಾಷಣವನ್ನು ಮಾಡಿದರು. ಪಕ್ಷದ ಶಿಸ್ತಿಗೆ ಎಲ್ಲರೂ ತಲೆಬಾಗಿದ್ದರೆ ಈ ಸಭೆ ನೀರಸವಾಗುತ್ತಿತ್ತು ಎಂದು ಹೇಳಿ, ತಮಗೆ ಎದುರು ನಿಂತ ಕೆಲವು ಬಂಡಾಯಗಾರರಿಗೆ ಹೆಸರು ಹಿಡಿದು ಕೃತಜ್ಞತೆ ಸಲ್ಲಿಸಿದರು. ಅವರು ಹೇಳಿದ ಮೊದಲ ಹೆಸರು ಕಾಮತರದು. ಅವರ ಸಲಹೆಗಳನ್ನು ತಾವು ಸ್ವೀಕರಿಸಲಿಲ್ಲವೆಂದ ಮಾತ್ರಕ್ಕೆ ಅವುಗಳ ಬೆಲೆ ಕಡಿಮೆಯಾಗುವುದಿಲ್ಲ ಎಂದೂ ಹೇಳಿದರು.

ಸಂತ ಪೇತ್ರರು ತಮ್ಮ ಮೊದಲ ಪತ್ರದ ಮೂರನೆಯ ಅಧ್ಯಾಯದಲ್ಲಿ, ನಮ್ಮ ಭರವಸೆಗೆ ಕಾರಣ ಕೇಳುವವರಿಗೆ ಉತ್ತರ ಕೊಡಲು ಸದಾ ಸಿದ್ಧರಾಗಿರಬೇಕೆಂದು ಬರೆಯುತ್ತಾರೆ. ಅಲ್ಲಿಯೇ, ಉಸಿರು ಬಿಡದೆ, ಆ ಉತ್ತರ ಸೌಮ್ಯವೂ ಗೌರವಪೂರ್ಣವೂ ಆಗಿರಬೇಕೆಂದು ಸೇರಿಸುತ್ತಾರೆ. ನಮ್ಮಲ್ಲಿ ಕೆಲವರು ಉತ್ತರವನ್ನು ಮಾತ್ರ ಹಿಡಿದುಕೊಂಡಿದ್ದೇವೆ, ಇನ್ನು ಕೆಲವರು ಸೌಮ್ಯತೆಯನ್ನು ಮಾತ್ರ.

ಡಾ. ಮುಖರ್ಜಿಯವರು 1951ರಲ್ಲಿ ಪಶ್ಚಿಮ ಬಂಗಾಳದ ರಾಜ್ಯಪಾಲರಾದರು. ಆ ಹುದ್ದೆಯಲ್ಲಿರುವಾಗಲೇ 1956ರಲ್ಲಿ ನಿಧನರಾದರು. ವಂದನೀಯ ಜೆರೋಮ್ ಡಿಸೋಜರು ವಿಶ್ವಸಂಸ್ಥೆಯಲ್ಲಿ ಭಾರತದ ನಿಯೋಗದ ಸದಸ್ಯರಾಗಿ, ನಂತರ ರೋಮಿನಲ್ಲಿ ತಮ್ಮ ಸಭೆಯ ಸೇವೆಯಲ್ಲಿದ್ದು, 1977ರಲ್ಲಿ ತೀರಿಕೊಂಡರು. ಅದೇ ವರ್ಷದ ಜನವರಿಯಲ್ಲಿ ಸುಪ್ರೀಂ ಕೋರ್ಟು, ಫಾದರ್ ಸ್ಟೆನಿಸ್ಲಾಸರ ಮೊಕದ್ದಮೆಯಲ್ಲಿ, ಪ್ರಚಾರದ ಹಕ್ಕೆಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ, ತನ್ನ ಧರ್ಮದ ತತ್ತ್ವಗಳನ್ನು ವಿವರಿಸಿ ಹರಡುವ ಹಕ್ಕು ಎಂದು ತೀರ್ಪು ನೀಡಿತು. 2022ರಲ್ಲಿ ನಮ್ಮ ಕರ್ನಾಟಕದಲ್ಲಿಯೂ ಮತಾಂತರದ ಕಾನೂನೊಂದು ಬಂದಾಗ ಆ ಹಳೆಯ ಪದ ಮತ್ತೆ ಎಲ್ಲರ ಬಾಯಲ್ಲಿ ಕೇಳಿಸಿತು.

ಸಂವಿಧಾನ ರಚನಾ ಸಭೆಯ ನಡಾವಳಿಗಳು ಹನ್ನೆರಡು ಸಂಪುಟಗಳಲ್ಲಿ ಅಚ್ಚಾಗಿವೆ. ಅನುಕೂಲವಾದಾಗ ಏಳನೆಯ ಸಂಪುಟವನ್ನು ತೆರೆದು ನೋಡಿ. ಲೋಕನಾಥ ಮಿಶ್ರರ ಆ ಬಿರುಸಿನ ಮಾತುಗಳೂ ಕೃಷ್ಣಮಾಚಾರಿಯವರ ಮಾತುಗಳೂ ಅಲ್ಲಿ ಕೆಲವೇ ಪುಟಗಳ ಅಂತರದಲ್ಲಿ, ಒಂದೇ ಅಳತೆಯ ಅಕ್ಷರಗಳಲ್ಲಿ ಮುದ್ರಣವಾಗಿವೆ. ಅವುಗಳ ನಡುವೆ ಅಲ್ಲಲ್ಲಿ ಅಧ್ಯಕ್ಷಪೀಠದಿಂದ ಮುಂದಿನವರನ್ನು ಕರೆಯುವ ಡಾ. ಮುಖರ್ಜಿಯವರ ಒಂದೊಂದು ಸಾಲು ಬರುತ್ತದೆ.